ಮೊಟ್ಟೆ ತಿನ್ನುವವರು ಈಗ ಯಾರೂ ಇಲ್ಲ: ಕೊರಿಯನ್ ಕಥೆಗಳಲ್ಲಿ ಆಡದೆ ಉಳಿಯುವ ಮಾತು

ಪ್ರಶ್ನೆ: ನಾಲ್ಕು ವರ್ಷಗಳಿಂದ ಕೊರಿಯನ್ ಧಾರಾವಾಹಿಗಳನ್ನು ನೋಡುತ್ತಿದ್ದೇನೆ. ಈಚೆಗೆ ಅಲ್ಲಿನ ಹಳೆಯ ಸಣ್ಣಕಥೆಗಳನ್ನೂ ಇಂಗ್ಲಿಷ್ ಅನುವಾದದಲ್ಲಿ ಓದತೊಡಗಿದ್ದೇನೆ. ಎಲ್ಲ ಕಡೆಯೂ ನನಗೆ ಒಂದೇ ತೊಡಕು. ಯಾರೂ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಮಾತು ಆಡಿದ್ದರೆ ಮೊದಲ ಕಂತಿನಲ್ಲೇ ಮುಗಿಯುತ್ತಿದ್ದ ಸಂಗತಿ ಹದಿನಾರು ಕಂತು ಎಳೆಯುತ್ತದೆ. ಇದು ನಿಜಕ್ಕೂ ಅಲ್ಲಿನ ಜನರ ರೀತಿಯೋ, ಇಲ್ಲ ಕಥೆಗಾರರು ಕಥೆ ಬೆಳೆಸಲು ಹೂಡುವ ಉಪಾಯವೋ? ಹೊರಗಿನವರಾದ ನಾವು ಆ ಆಡದ ಮಾತನ್ನು ಓದಲು ಕಲಿಯಬಹುದೇ?

ಉತ್ತರ: ಅದು ಅಲ್ಲಿನ ಜನರ ರೀತಿಯೂ ಹೌದು, ಕಥೆಗಾರರ ಉಪಾಯವೂ ಹೌದು. ಬದುಕಿನಲ್ಲಿ ಇದ್ದ ರೀತಿಯನ್ನು ಅಲ್ಲಿನ ಬರಹಗಾರರು ಎತ್ತಿಕೊಂಡು ಕಲೆಯಾಗಿಸಿದ್ದಾರೆ. ಆದರೆ ಉತ್ತರ ಮುಂದುವರಿಸುವ ಮೊದಲು "ಹೇಳುವುದಿಲ್ಲ" ಎಂಬ ನಿಮ್ಮ ಮಾತನ್ನು ಸ್ವಲ್ಪ ತಿದ್ದಬೇಕೆನಿಸುತ್ತದೆ. ಒಳ್ಳೆಯ ಕೊರಿಯನ್ ಕಥೆಗಳಲ್ಲಿ ಜನ ಹೇಳುತ್ತಾರೆ, ಬಹಳ ಸಲ ಸ್ಪಷ್ಟವಾಗಿಯೇ ಹೇಳುತ್ತಾರೆ. ಮಾತಿನ ಕೊನೆಯ ತುಂಡನ್ನು ಮಾತ್ರ ಕೇಳುವವರ ಪಾಲಿಗೆ ಬಿಡುತ್ತಾರೆ. ಅದನ್ನು ಎತ್ತಿಕೊಳ್ಳುವ ಹೊಣೆ ಕೇಳುವವರದು. ನಮ್ಮಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಎನ್ನುತ್ತೇವಲ್ಲ, ಆಚೆಗೂ ಈಚೆಗೂ ಸಲ್ಲುವಂತೆ ಮಾತನ್ನು ತೇಲಿಸಿಬಿಡುವುದು, ಇದು ಅದಲ್ಲ. ಇಲ್ಲಿ ದೀಪ ಇಟ್ಟಿರುವ ಜಾಗ ಗೊತ್ತಾಗಿಯೇ ಇರುತ್ತದೆ. ಅದರ ಬೆಳಕು ಯಾವುದರ ಮೇಲೆ ಬಿದ್ದಿದೆ ಎಂದು ತಿರುಗಿ ನೋಡಬೇಕಾದವರು ನಾವು.

ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಭಾಷೆ ಕಲಿಯಲೆಂದು ಸಿಯೋಲ್‌ಗೆ ಹೋದ ಮೊದಲ ಚಳಿಗಾಲ, ವಿದ್ಯಾರ್ಥಿಗಳಿಗೆ ಊಟ ಮತ್ತು ಕೋಣೆ ಕೊಡುವ ಒಂದು ಮನೆಯಲ್ಲಿದ್ದೆ. ಅಂಥ ಮನೆಗೆ ಅಲ್ಲಿ ಹಾಸುಕ್‌ಜಿಪ್ ಎನ್ನುತ್ತಾರೆ. ಒಂದು ರಾತ್ರಿ ಮನೆಯೊಡತಿ ಸಾರಿನ ಬಟ್ಟಲನ್ನು ನನ್ನ ಮುಂದಿಡುತ್ತ, "ಮೂಲೆ ಕೋಣೆಯಲ್ಲಿ ರಾತ್ರಿ ಎರಡು ಗಂಟೆಯವರೆಗೂ ದೀಪ ಉರಿಯುತ್ತಂತೆ" ಎಂದರು. ಮೂಲೆ ಕೋಣೆ ನನ್ನದೇ. ಇಷ್ಟು ಓದುತ್ತಿದ್ದೇನೆಂದು ಮೆಚ್ಚಿಕೊಂಡರು ಎಂದುಕೊಂಡು, ಪರೀಕ್ಷೆ ಹತ್ತಿರ ಬಂತಲ್ಲ ಅಮ್ಮ ಎಂದೆ. ಅವರು "ಹೌದಾ, ತುಂಬ ಕಷ್ಟಪಡ್ತೀಯ" ಎಂದು ಹೇಳಿ ನನ್ನ ತಟ್ಟೆಗೆ ಇನ್ನೊಂದು ತುಂಡು ಮೂಲಂಗಿ ಹಾಕಿದರು. ನಾಲ್ಕು ದಿನಗಳ ಮೇಲೆ ಇದನ್ನು ತರಗತಿಯ ಗೆಳತಿಗೆ ಹೇಳಿದಾಗ ಅವಳು ಊಟ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದಳು: "ಉರಿಯುತ್ತೆ ಅಂದರೋ, ಉರಿಯುತ್ತಂತೆ ಅಂದರೋ?" ನನ್ನ ಕೋಣೆಗೂ ಪಕ್ಕದ ಕೋಣೆಗೂ ನಡುವಿನ ಗೋಡೆಯ ಮೇಲ್ಭಾಗದಲ್ಲಿ ಗಾಜಿನ ಕಿಂಡಿಯಿತ್ತು. ಆ ಕೋಣೆಯ ಹುಡುಗ ಬೆಳಗಿನ ಜಾವ ಐದಕ್ಕೆ ಕೆಲಸಕ್ಕೆ ಹೊರಡುತ್ತಿದ್ದ. ದೂರು ಅವನದು, ಅದನ್ನು ನನಗೆ ನೋವಾಗದಂತೆ, ಅವನ ಹೆಸರೂ ಹೊರಬರದಂತೆ ಆ ತಾಯಿ ಒಂದು ಪ್ರತ್ಯಯದೊಳಗೆ ಇಟ್ಟು ಕೊಟ್ಟಿದ್ದರು.

ನನ್ನನ್ನು ಬಹಳ ದಿನ ಕಾಡಿದ ವಿಷಯವೆಂದರೆ, ಅದನ್ನು ಹಿಡಿಯಲು ಬೇಕಾದ ಸಾಧನ ನನ್ನ ತಾಯ್ನುಡಿಯಲ್ಲೇ ಇತ್ತು. ಕನ್ನಡದ ‘ಅಂತೆ’ಯೂ ಕೊರಿಯನ್ನಿನ ‘ದೆ’ಯೂ ಮಾಡುವ ಕೆಲಸ ಒಂದೇ: ಇದು ನನ್ನ ಮಾತಲ್ಲ, ಬೇರೆಯವರಿಂದ ಕೇಳಿದ್ದು ಎಂದು ಸೂಚಿಸುವುದು. ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಯಾರಾದರೂ "ನಿಮ್ಮ ಮನೆ ರೇಡಿಯೋ ಬೀದಿಗೆಲ್ಲ ಕೇಳುತ್ತಂತೆ" ಎಂದಿದ್ದರೆ ತಕ್ಷಣ ಎದ್ದು ಹೋಗಿ ದನಿ ಕಡಿಮೆ ಮಾಡುತ್ತಿದ್ದೆ. ಹೊಸ ಭಾಷೆ ಕಲಿಯುವಾಗ ನಾವು ಪದಗಳ ಅರ್ಥಕ್ಕೆ ಎಷ್ಟು ಅಂಟಿಕೊಳ್ಳುತ್ತೇವೆಂದರೆ, ನಮ್ಮ ಭಾಷೆಯಲ್ಲಿ ದಿನನಿತ್ಯ ಬಳಸುವ ಕಿವಿಯನ್ನೇ ಬಾಗಿಲ ಹೊರಗೆ ಬಿಟ್ಟು ಬರುತ್ತೇವೆ. ನಿಮ್ಮ ಕೊನೆಯ ಪ್ರಶ್ನೆಗೆ, ಅಂದರೆ ಕಲಿಯಬಹುದೇ ಎಂಬುದಕ್ಕೆ, ನನ್ನ ಉತ್ತರ ಹುಟ್ಟುವುದು ಇಲ್ಲಿಂದಲೇ.

ಆ ರಾತ್ರಿ ನನ್ನಲ್ಲಿ ಇಲ್ಲದಿದ್ದ ಗುಣಕ್ಕೆ ಕೊರಿಯನ್ನರು ನುಂಚಿ ಎನ್ನುತ್ತಾರೆ. ‘ನುನ್’ ಎಂದರೆ ಕಣ್ಣು. ಪದವನ್ನು ಸಾಮಾನ್ಯವಾಗಿ ಕಣ್ಣಳತೆ ಎಂದು ಬಿಡಿಸಿ ಹೇಳುತ್ತಾರೆ. ಇಂಗಿತ ಅರಿಯುವುದು, ಸೂಕ್ಷ್ಮ ತಿಳಿಯುವುದು ಎಂಬ ನಮ್ಮ ಮಾತುಗಳು ಇದಕ್ಕೆ ಹತ್ತಿರ ಬರುತ್ತವೆ. ಆದರೆ ಕೊರಿಯನ್ನಿನಲ್ಲಿ ಈ ಪದಕ್ಕೆ ಇರುವ ಓಡಾಟ ನಮ್ಮ ಇಂಗಿತಕ್ಕಿಲ್ಲ. ನುಂಚಿ ಒಬ್ಬರಿಗೆ ಇರುತ್ತದೆ, ಇನ್ನೊಬ್ಬರಿಗೆ ಇರುವುದಿಲ್ಲ. ಚೆನ್ನಾಗಿ ಇದ್ದವರ ನುಂಚಿಯನ್ನು ‘ವೇಗದ್ದು’ ಎನ್ನುತ್ತಾರೆಯೇ ಹೊರತು ಆಳವಾದದ್ದು ಎನ್ನುವುದಿಲ್ಲ. ಏಕೆಂದರೆ ಕೋಣೆಯ ಗಾಳಿ ಬದಲಾದ ಕ್ಷಣದಲ್ಲೇ ಗೊತ್ತಾಗಬೇಕು, ಮನೆಗೆ ಹೋದ ಮೇಲೆ ಹೊಳೆದರೆ ಫಲವಿಲ್ಲ. ನುಂಚಿಯನ್ನು ‘ನೋಡುವುದು’ ಎಂದರೆ ಇತರರ ಮುಖ ನೋಡಿಕೊಂಡು ಹಿಂಜರಿಯುತ್ತ ನಡೆದುಕೊಳ್ಳುವುದು; ‘ಕೊಡುವುದು’ ಎಂದರೆ ಬಾಯಿಂದ ಹೇಳದೆ ನಿನ್ನ ಇರವು ಬೇಡವಾಗಿದೆ ಎಂದು ನೋಟದಲ್ಲೇ ತಿಳಿಸುವುದು. ನುಂಚಿ ಚುರುಕಾಗಿದ್ದರೆ ಬೌದ್ಧ ವಿಹಾರಕ್ಕೆ ಹೋದರೂ ಉಪ್ಪಿನಲ್ಲಿ ಹಾಕಿಟ್ಟ ಸೀಗಡಿ ತಿಂದು ಬರಬಹುದು ಎಂಬುದು ಅಲ್ಲಿನ ಗಾದೆ. ಮೀನು-ಮಾಂಸ ಮುಟ್ಟದ ಸನ್ಯಾಸಿಗಳ ಮಠದಲ್ಲೂ ಯಾರ ಬಳಿ, ಯಾವಾಗ, ಹೇಗೆ ಕೇಳಬೇಕೆಂದು ತಿಳಿದವನಿಗೆ ಸಿಗುತ್ತದೆ ಎಂದು ಅದರ ಅರ್ಥ.

ಹಾಗೆಂದು ಕೊರಿಯನ್ನರೆಲ್ಲ ಮಾತು ನುಂಗುವವರು ಎಂದು ಭಾವಿಸಬಾರದು. ಪರಿಚಯವಾದ ಹತ್ತು ನಿಮಿಷದೊಳಗೆ ನಿಮ್ಮ ವಯಸ್ಸೆಷ್ಟು ಎಂದು ಕೇಳುತ್ತಾರೆ, ದಪ್ಪಗಾಗಿದ್ದೀಯ ಎಂದು ಮುಖದ ಮೇಲೆ ಹೇಳುತ್ತಾರೆ, ಮಾರುಕಟ್ಟೆಯಲ್ಲಿ ದನಿಯೆತ್ತಿ ಜಗಳವಾಡುತ್ತಾರೆ. ವಯಸ್ಸು ಕೇಳುವುದಕ್ಕೆ ಕಾರಣವೂ ಇದೆ: ಅದು ಗೊತ್ತಾಗದೆ ಕ್ರಿಯಾಪದದ ಕೊನೆಗೆ ಏನು ಹಚ್ಚಬೇಕೆಂದೇ ತಿಳಿಯುವುದಿಲ್ಲ. ಪರೋಕ್ಷದ ಮಾತು ಬರುವುದು ಕೆಲವು ನಿರ್ದಿಷ್ಟ ತಾಣಗಳಲ್ಲಿ, ಅಂದರೆ ಒಲ್ಲೆ ಎನ್ನುವಾಗ, ನೋವಾದಾಗ, ಹಿರಿಯರ ತಪ್ಪನ್ನು ತೋರಿಸಬೇಕಾದಾಗ, ಪ್ರೀತಿ ಮೂಡಿದಾಗ. ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಮಾತಿನ ಅರ್ಥವನ್ನು ಸಂದರ್ಭದ ಮೇಲೆ ಹೆಚ್ಚು ಹೊರಿಸುವ ಸಂಸ್ಕೃತಿಗಳು, ಕಡಿಮೆ ಹೊರಿಸುವ ಸಂಸ್ಕೃತಿಗಳು ಎಂಬ ವಿಂಗಡಣೆಯನ್ನು ಜನಪ್ರಿಯಗೊಳಿಸಿದ. ಅದು ಉಪಯುಕ್ತವೇ. ಆದರೆ ಇಡೀ ದೇಶವನ್ನು ಒಂದು ಕಪಾಟಿನಲ್ಲಿ ಇಟ್ಟುಬಿಟ್ಟರೆ, ಸಂತೆಯಲ್ಲಿ ಗುಡುಗುವ ಹೆಂಗಸೇ ಮನೆಯಲ್ಲಿ ಮೌನವಾಗುವುದೇಕೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಕಥೆಗಾರರಿಗೆ ಬೇಕಾದದ್ದು ಆ ಪ್ರಶ್ನೆಯೇ.

ಕಾರಣಗಳನ್ನು ಹುಡುಕುವಾಗ ಕನ್‌ಫ್ಯೂಷಿಯಸ್ ಪಂಥವನ್ನು ಎಲ್ಲರೂ ಹೆಸರಿಸುತ್ತಾರೆ. 1392ರಿಂದ ಐದು ಶತಮಾನ ನಡೆದ ಚೋಸೊನ್ ಅರಸರ ಕಾಲದಲ್ಲಿ ಹಿರಿಯ-ಕಿರಿಯ, ಗಂಡು-ಹೆಣ್ಣು, ಒಡೆಯ-ಆಳು ಎಂಬ ಶ್ರೇಣಿ ಗಟ್ಟಿಯಾಯಿತು ಎಂಬುದು ನಿಜ. ನನಗೆ ಅದರ ಜೊತೆಗೆ ಮನೆಯ ರಚನೆಯೂ ಮುಖ್ಯವೆನಿಸುತ್ತದೆ. ಹಳೆಯ ಕೊರಿಯನ್ ಮನೆಯ ಬಾಗಿಲು-ಕಿಟಕಿಗಳ ಚೌಕಟ್ಟಿಗೆ ಅಂಟಿಸುತ್ತಿದ್ದುದು ಕಾಗದ. ಒಳಗಿನ ಪಿಸುಮಾತೂ ಹೊರಗೆ ಕೇಳುತ್ತಿತ್ತು. ಹಾಗಾಗಿ ಕೇಳಿದ್ದನ್ನು ಕೇಳಿಸಿಕೊಳ್ಳದಂತೆ ಇರುವುದು ಒಂದು ಮರ್ಯಾದೆ, ಬಾಗಿಲ ಹತ್ತಿರ ಬರುವಾಗ ಸುಮ್ಮನೆ ಒಮ್ಮೆ ಕೆಮ್ಮಿ ತನ್ನ ಬರವನ್ನು ತಿಳಿಸುವುದು ಇನ್ನೊಂದು ಮರ್ಯಾದೆ. ಸ್ಥಿತಿವಂತರ ಮನೆಯಲ್ಲಿ ಹೆಂಗಸರಿದ್ದ ಒಳಮನೆಯೂ ಗಂಡಸರು ಅತಿಥಿಗಳನ್ನು ಕೂರಿಸುತ್ತಿದ್ದ ಹೊರಮನೆಯೂ ಬೇರೆಬೇರೆ. ಈ ಹೊರಮನೆಗೆ ಸರಾಂಗ್ ಎಂದು ಹೆಸರು. ಇದನ್ನು ನೆನಪಿಡಿ, ಮುಂದೆ ಒಂದು ಕಥೆಯಲ್ಲಿ ಬೇಕಾಗುತ್ತದೆ.

ಭಾಷೆಯ ರಚನೆಯೂ ಇದಕ್ಕೆ ಒತ್ತಾಸೆಯಾಗಿದೆ. ಕನ್ನಡದಂತೆ ಕೊರಿಯನ್ನಿನಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ಕ್ರಿಯಾಪದ ಬರುವ ಮೊದಲೇ ವಾಕ್ಯವನ್ನು ನಿಲ್ಲಿಸಿಬಿಡಬಹುದು. "ಸಂಜೆ ಬರ್ತೀರಾ" ಎಂದರೆ "ಇವತ್ತು ಸ್ವಲ್ಪ ಕೆಲಸ ಇತ್ತಲ್ಲ…" ಎಂದು ನಾವು ನಿಲ್ಲಿಸುವ ಹಾಗೆಯೇ ಅವರೂ ‘ನುಂದೆ’ ಎಂಬ ಕೊಂಡಿಯಲ್ಲಿ ವಾಕ್ಯವನ್ನು ತೂಗುಬಿಡುತ್ತಾರೆ. ಬರುವುದಿಲ್ಲ ಎಂಬ ಪದ ಯಾರ ಬಾಯಿಂದಲೂ ಹೊರಡದೆ ಇಬ್ಬರಿಗೂ ತಿಳಿದಿರುತ್ತದೆ. "ಗುಲ್ಸೆಯೊ" ಎಂದರೆ ‘ನೋಡೋಣ, ಏನೋ’ ಎಂದರ್ಥ. "ಯೋಚನೆ ಮಾಡಿ ಹೇಳುತ್ತೇನೆ" ಎಂಬುದು ಬಹುಪಾಲು ಸಂದರ್ಭದಲ್ಲಿ ಆಗದು ಎಂಬುದೇ. ‘ಗ್ವೆಂಚನಾಯೊ’ ಎಂಬ, ನಮ್ಮ ‘ಪರವಾಗಿಲ್ಲ’ಕ್ಕೆ ಸಮನಾದ ಪದವಂತೂ ಸಾಕು, ಬೇಡ, ನೋವಾಗಿಲ್ಲ, ನೋವಾಗಿದೆ ಆದರೆ ಕೇಳಬೇಡ ಎಂಬ ಎಲ್ಲ ಅರ್ಥಗಳನ್ನೂ ಹೊರುತ್ತದೆ. ನನ್ನ ಎನ್ನಬೇಕಾದಲ್ಲಿ ‘ಉರಿ’, ಅಂದರೆ ‘ನಮ್ಮ’, ಎನ್ನುವುದು ಇಂಗ್ಲಿಷ್ ಓದುಗರಿಗೆ ವಿಚಿತ್ರ. ನಮ್ಮಮ್ಮ, ನಮ್ಮೆಜಮಾನರು ಎನ್ನುವ ನಮಗೆ ಅದನ್ನು ವಿವರಿಸಬೇಕಾಗಿಲ್ಲ.

ಇನ್ನು ಪರೋಕ್ಷವೆಂದರೆ ಅಸ್ಪಷ್ಟವಲ್ಲ ಎಂದೆನಲ್ಲ, ಅದಕ್ಕೆ ಕೊರಿಯಾದ ಮಕ್ಕಳೆಲ್ಲ ಶಾಲೆಯಲ್ಲಿ ಓದುವ ಒಂದು ಪ್ರಸಂಗವನ್ನು ಹೇಳುತ್ತೇನೆ. 1392ರಲ್ಲಿ ಕೊರ್ಯೊ ಅರಸುಮನೆತನ ಉರುಳುವ ಹೊತ್ತು. ಹೊಸ ಪಕ್ಷದ ಯಿ ಬಾಂಗ್-ವೊನ್, ಹಳೆಯ ಅರಸನಿಗೆ ನಿಷ್ಠನಾದ ಮಂತ್ರಿ ಜೊಂಗ್ ಮೊಂಗ್-ಜುವನ್ನು ಔತಣಕ್ಕೆ ಕರೆದು ಒಂದು ಪದ್ಯ ಹೇಳಿದನೆಂದು ಪ್ರತೀತಿ. ಹೀಗಿದ್ದರೇನು, ಹಾಗಿದ್ದರೇನು; ಮಾನ್ಸು ಬೆಟ್ಟದ ಬಳ್ಳಿಗಳು ಒಂದಕ್ಕೊಂದು ಹೆಣೆದುಕೊಂಡಿವೆ, ನಾವೂ ಹಾಗೆ ಹೆಣೆದುಕೊಂಡು ನೂರು ವರ್ಷ ಬಾಳಬಹುದಲ್ಲ ಎಂಬುದು ಪದ್ಯದ ಭಾವ. ರಾಜ್ಯದ ಹೆಸರಿಲ್ಲ, ಪಕ್ಷದ ಹೆಸರಿಲ್ಲ. ಜೊಂಗ್ ಮೊಂಗ್-ಜುವೂ ಪದ್ಯದಲ್ಲೇ ಉತ್ತರಿಸಿದ: ಈ ದೇಹ ನೂರು ಸಲ ಸತ್ತು, ಮೂಳೆ ಮಣ್ಣಾಗಿ, ಪ್ರಾಣ ಇದ್ದರೂ ಇಲ್ಲದಿದ್ದರೂ, ಒಡೆಯನ ಕಡೆಗಿನ ಒಂದು ಕೆಂಪು ಹೃದಯ ಬದಲಾದೀತೇ? ಕೆಸೊಂಗ್ ಊರಿನ ಸೊಂಜುಕ್ ಸೇತುವೆಯ ಮೇಲೆ ಅವನನ್ನು ಕೊಂದರು. ಬಳ್ಳಿಯ ಮಾತು ಬೆದರಿಕೆಯೂ ಹೌದು, ಆಹ್ವಾನವೂ ಹೌದು ಎಂಬುದರಲ್ಲಿ ಆ ಕೋಣೆಯಲ್ಲಿದ್ದ ಯಾರಿಗೂ ಅನುಮಾನವಿದ್ದಿರಲಾರದು. ಬಳ್ಳಿಯ ಮಾತಾಗಿದ್ದರಿಂದಲೇ, ಇನ್ನೂ ಅತಿಥಿಯಾಗಿರುವವನು ಒಪ್ಪಿದರೆ ಇಬ್ಬರ ಮಾನವೂ ಉಳಿಯುತ್ತಿತ್ತು.

ಈಗ ನೀವು ಕೇಳಿದ ಸಣ್ಣಕಥೆಗಳಿಗೆ ಬರೋಣ. ನನಗೆ ಬಹಳ ಪ್ರಿಯವಾದ ಎರಡು ಕಥೆಗಳು ಒಂದು ವರ್ಷದ ಅಂತರದಲ್ಲಿ ಬಂದಿವೆ. ಎರಡರಲ್ಲೂ ಕಥೆ ಹೇಳುವವರೇ ನುಂಚಿ ಇಲ್ಲದವರು.

ಮೊದಲನೆಯದು ಕಿಮ್ ಯು-ಜೊಂಗ್ 1936ರಲ್ಲಿ ಬರೆದ ‘ತೊಂಗ್‌ಬೆಕ್ ಹೂ’. ಚುಂಚನ್ ಬಳಿಯ ಹಳ್ಳಿಯಲ್ಲಿ ಹುಟ್ಟಿದ ಈ ಕಥೆಗಾರ 1937ರಲ್ಲಿ, ಇಪ್ಪತ್ತೊಂಬತ್ತರ ಹರೆಯದಲ್ಲಿ, ಕ್ಷಯದಿಂದ ತೀರಿಕೊಂಡ; ಅವನ ಊರಿನ ರೈಲು ನಿಲ್ದಾಣಕ್ಕೆ ಇಂದು ಅವನದೇ ಹೆಸರಿದೆ. ಕಥೆಯ ‘ನಾನು’ ಹದಿನೇಳರ ಹುಡುಗ, ಗೇಣಿದಾರನ ಮಗ. ಜೊಮ್ಸುನ್ ಅದೇ ವಯಸ್ಸಿನವಳು, ಜಮೀನ್ದಾರನ ಪರವಾಗಿ ಗೇಣಿ ನೋಡಿಕೊಳ್ಳುವವನ ಮಗಳು. ಹುಡುಗ ಬೇಲಿ ಕಟ್ಟುತ್ತಿದ್ದಾಗ ಅವಳು ಹಿಂದಿನಿಂದ ಸದ್ದಿಲ್ಲದೆ ಬಂದು, ಒಬ್ಬನೇ ಕೆಲಸ ಮಾಡ್ತಿದ್ದೀಯಾ ಎನ್ನುತ್ತಾಳೆ. ಕೆಲಸ ಖುಷಿಯಾಗಿದೆಯಾ ಎನ್ನುತ್ತಾಳೆ. ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಾಳೆ. ಕೊನೆಗೆ ಸೆರಗಿನಡಿಯಿಂದ ತೆಗೆದಂತೆ ಮೂರು ದಪ್ಪ ಆಲೂಗಡ್ಡೆಗಳನ್ನು ಅವನ ಗದ್ದದ ಕೆಳಗೆ ಹಿಡಿಯುತ್ತಾಳೆ. ಇನ್ನೂ ಹಬೆಯಾಡುತ್ತಿರುವ ಬೇಯಿಸಿದ ಗಡ್ಡೆಗಳು. ಕೊಡುವಾಗ ಅವಳ ಬಾಯಿಂದ ಬರುವ ಮಾತು: "ನಿಮ್ಮ ಮನೇಲಿ ಇದಿಲ್ಲ ಅಲ್ವಾ?"

ಈ ಒಂದು ವಾಕ್ಯದ ಮೇಲೆ ಇಡೀ ಕಥೆ ನಿಂತಿದೆ. ಹುಡುಗನಿಗೆ ಕೇಳಿಸಿದ್ದು ಅವಮಾನ ಮಾತ್ರ: ನೀವು ಬಡವರು. ಅವನು ತಿರುಗಿಯೂ ನೋಡದೆ, ನಾನು ತಿನ್ನಲ್ಲ, ನೀನೇ ತಿನ್ನು ಎಂದು ಗಡ್ಡೆಗಳನ್ನು ಭುಜದ ಮೇಲಿಂದ ಹಿಂದಕ್ಕೆ ತಳ್ಳುತ್ತಾನೆ. ಆಮೇಲೆ ಹಿಂದೆ ಉಸಿರು ಏರುವ ಸದ್ದು ಕೇಳಿ ತಿರುಗಿದರೆ, ಅವಳ ಕಪ್ಪು ಮುಖ ಕೆಂಪಾಗಿದೆ, ಕಣ್ಣಲ್ಲಿ ನೀರಿದೆ; ಹಲ್ಲು ಕಚ್ಚಿಕೊಂಡು ಗದ್ದೆಯ ಬದುವಿನ ಮೇಲೆ ಓಡಿಹೋಗುತ್ತಾಳೆ. ಇವಳಿಗೇನಾಯಿತು ಎಂದು ಅವನಿಗೆ ಅರ್ಥವಾಗುವುದಿಲ್ಲ. ಮರುದಿನದಿಂದ ಅವಳು ಅವರ ಮನೆಯ ಕೋಳಿಯನ್ನು ಹೊಡೆಯುತ್ತಾಳೆ, ತನ್ನ ಬಲವಾದ ಹುಂಜವನ್ನು ಅವನ ಹುಂಜದ ಮೇಲೆ ಕಾದಾಟಕ್ಕೆ ಬಿಡುತ್ತಾಳೆ. ಅವನು ತನ್ನ ಹುಂಜಕ್ಕೆ ಶಕ್ತಿ ಬರಲೆಂದು ಮೆಣಸಿನ ಹಿಟ್ಟಿನ ಹದ ತಿನ್ನಿಸುತ್ತಾನೆ. ಓದುಗರಿಗೆ ಎಲ್ಲವೂ ಗೊತ್ತು, ಕಥೆ ಹೇಳುವವನಿಗೆ ಮಾತ್ರ ಗೊತ್ತಿಲ್ಲ.

ಇದನ್ನು ಬರೀ ಪೆದ್ದ ಹುಡುಗನ ವಿನೋದದ ಕಥೆಯಾಗಿ ಓದುವವರು ಬಹಳ. ನನಗೆ ಅಷ್ಟು ಸಾಲದು. ಹದಿನೇಳು ತುಂಬಿದವರು ಜೊತೆಯಾಗಿ ಓಡಾಡಿದರೆ ಊರ ಬಾಯಿಗೆ ಬೀಳುತ್ತೀರಿ ಎಂದು ಅವನ ತಾಯಿ ಎಚ್ಚರಿಸಿದ್ದಾಳೆ; ಅವಳ ಜೊತೆ ಏನಾದರೂ ನಡೆದು ಅವಳ ಮನೆಯವರು ಸಿಟ್ಟಾದರೆ ಉಳುವ ಭೂಮಿಯೂ ಇರುವ ಮನೆಯೂ ಹೋಗುತ್ತವೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಅಂಥ ಹುಡುಗನಿಗೆ ಅರ್ಥವಾಗದೇ ಇರುವುದೇ ಕ್ಷೇಮ. ಅವನ ಅರಿಯದಿರುವಿಕೆಯಲ್ಲಿ ಎಷ್ಟು ಪಾಲು ಮುಗ್ಧತೆ, ಎಷ್ಟು ಪಾಲು ಗೇಣಿದಾರನ ಭಯ ಎಂದು ಕಿಮ್ ಯು-ಜೊಂಗ್ ಎಲ್ಲೂ ಹೇಳುವುದಿಲ್ಲ. ಅವಳ ಕಡೆಯಿಂದಲೂ ನೋಡಿ: ಗೇಣಿ ನೋಡುವವನ ಮಗಳು ಗೇಣಿದಾರನ ಮಗನಿಗೆ ಪ್ರೀತಿಯನ್ನು ಪ್ರೀತಿಯಾಗಿಯೇ ಕೊಡಲಾರಳು, ಆದ್ದರಿಂದ ಅದು ಅವಳ ಬಾಯಲ್ಲಿ ಜಂಬವಾಗಿ ಹೊರಬರುತ್ತದೆ. ಆಲೂಗಡ್ಡೆಯ ಬಿಸಿ ಮಾತ್ರ ಸುಳ್ಳು ಹೇಳುವುದಿಲ್ಲ. ಹಬೆ ಆರುವ ಮೊದಲೇ ಮನೆಯಿಂದ ಓಡಿ ಬಂದಿದ್ದಾಳೆಂದು ಅದು ತಿಳಿಸುತ್ತದೆ.

ಎರಡನೆಯದು 1935ರಲ್ಲಿ ಪ್ರಕಟವಾದ ಜು ಯೊ-ಸೊಪ್‌ನ ‘ಸರಾಂಗ್ ಅತಿಥಿ ಮತ್ತು ಅಮ್ಮ’. ಇಲ್ಲಿ ಕಥೆ ಹೇಳುವುದು ಓಕ್-ಹಿ ಎಂಬ ಆರು ವರ್ಷದ ಹುಡುಗಿ. ಅವಳು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದಾನೆ; ಅಮ್ಮನಿಗೆ ಇನ್ನೂ ಇಪ್ಪತ್ತನಾಲ್ಕು. ಸತ್ತ ತಂದೆಯ ಗೆಳೆಯನೊಬ್ಬ ಆ ಊರಿಗೆ ಮೇಷ್ಟರಾಗಿ ಬಂದು ಅವರ ಮನೆಯ ಸರಾಂಗ್‌ನಲ್ಲಿ, ಅಂದರೆ ನಾನು ಮೇಲೆ ಹೇಳಿದ ಹೊರಮನೆಯಲ್ಲಿ, ಉಳಿಯುತ್ತಾನೆ. ಅಮ್ಮ ಒಳಮನೆಯಲ್ಲಿ, ಅತಿಥಿ ಹೊರಮನೆಯಲ್ಲಿ. ನಡುವೆ ಓಡಾಡಬಲ್ಲವಳು ಮಗು ಮಾತ್ರ. ಅತಿಥಿಗೂ ತನ್ನ ಹಾಗೆ ಬೇಯಿಸಿದ ಮೊಟ್ಟೆ ಇಷ್ಟ ಎಂದು ಮಗು ಬಂದು ಅಮ್ಮನಿಗೆ ಹೇಳುತ್ತದೆ. ಅಮ್ಮ ಸುಮ್ಮನಿರು ಎಂದು ಗದರುತ್ತಾಳೆ. ಆದರೆ ಅಂದಿನಿಂದ ಮೊಟ್ಟೆ ಮಾರುವ ಮುದುಕಿ ಬಂದಾಗಲೆಲ್ಲ ಅಮ್ಮ ಬಹಳ ಮೊಟ್ಟೆ ಕೊಳ್ಳುತ್ತಾಳೆ. ಮಗುವಿಗೆ ಸಂಭ್ರಮ, ಈಗ ದಿನವೂ ಮೊಟ್ಟೆ. ಒಮ್ಮೆ ಶಿಶುವಿಹಾರದಿಂದ ಕದ್ದು ತಂದ ಹೂಗಳನ್ನು ಅತಿಥಿಯೇ ಕೊಟ್ಟನೆಂದು ಮಗು ಸುಳ್ಳು ಹೇಳಿದಾಗ ಅಮ್ಮನ ಮುಖ ಕೆಂಪಾಗುತ್ತದೆ, ಬೆರಳು ನಡುಗುತ್ತವೆ. ಯಾರಿಗೂ ಹೇಳಬೇಡ ಎನ್ನುತ್ತಾಳೆ. ಎಸೆಯುವಳೆಂದುಕೊಂಡರೆ, ಹೂಗಳು ಹಾರ್ಮೋನಿಯಂನಂಥ ಆರ್ಗನ್ ವಾದ್ಯದ ಮೇಲಿನ ಹೂದಾನಿ ಸೇರುತ್ತವೆ; ಬಾಡಿದ ಮೇಲೆ ಪ್ರಾರ್ಥನಾಗೀತೆಗಳ ಪುಸ್ತಕದ ಹಾಳೆಗಳ ನಡುವೆ ಹೋಗುತ್ತವೆ.

ಗಂಡ ಸತ್ತವಳ ಮರುಮದುವೆಗೆ 1894ರ ಸುಧಾರಣೆಗಳಲ್ಲೇ ಅನುಮತಿ ಸಿಕ್ಕಿತ್ತು. ನಲವತ್ತು ವರ್ಷಗಳಾದರೂ ಊರಿನ ನಾಲಗೆ ಬದಲಾಗಿರಲಿಲ್ಲ. ಆದ್ದರಿಂದ "ಒಂದು ಮಾತು ಆಡಿದ್ದರೆ" ಎಂಬ ನಿಮ್ಮ ಪ್ರಶ್ನೆಯನ್ನು ಈ ಅಮ್ಮನ ಮುಂದೆ ಇಟ್ಟು ನೋಡಿ. ಆ ಮಾತು ಆಡಿದ್ದರೆ ಅದರ ಬೆಲೆ ತೆರಬೇಕಾದವಳು ಓಕ್-ಹಿ. ಶಾಲೆಗೆ ಹೋಗುವಾಗ, ಮದುವೆಯಾಗುವಾಗ, ಜೀವನಪೂರ್ತಿ ಅಂಥವಳ ಮಗಳು ಎನಿಸಿಕೊಳ್ಳಬೇಕಾದವಳು. ಅಮ್ಮನ ನಿರಾಕರಣೆಯೂ ಮಗುವಿನ ಕೈಯಲ್ಲೇ ಹೋಗುತ್ತದೆ, ಮಡಿಚಿದ ಬಿಳಿ ಕರವಸ್ತ್ರವಾಗಿ. ಒಳಗೆ ಕಾಗದದ ಸದ್ದಾಯಿತು ಎಂದಷ್ಟೇ ಮಗುವಿಗೆ ಗೊತ್ತು, ಅದರಲ್ಲಿ ಏನು ಬರೆದಿತ್ತೆಂದು ನಮಗೂ ತಿಳಿಸುವುದಿಲ್ಲ. ಅತಿಥಿ ಊರು ಬಿಡುವ ದಿನ ಅಮ್ಮ ಮನೆಯಲ್ಲಿ ಉಳಿದ ಮೊಟ್ಟೆಗಳನ್ನೆಲ್ಲ ಬೇಯಿಸಿ ಕಟ್ಟಿಕೊಡುತ್ತಾಳೆ, ಮಗುವನ್ನು ಕರೆದುಕೊಂಡು ಗುಡ್ಡ ಹತ್ತಿ ರೈಲು ಮರೆಯಾಗುವವರೆಗೂ ನಿಲ್ಲುತ್ತಾಳೆ. ಮರಳಿ ಬಂದು ಆರ್ಗನ್ನಿಗೆ ಬೀಗ ಹಾಕುತ್ತಾಳೆ. ಮೊಟ್ಟೆಯ ಮುದುಕಿ ಬಂದಾಗ, ಇನ್ನು ನಮಗೆ ಬೇಡ, ಮೊಟ್ಟೆ ತಿನ್ನುವವರು ಈಗ ಯಾರೂ ಇಲ್ಲ ಎನ್ನುತ್ತಾಳೆ. ಪಕ್ಕದಲ್ಲಿ ನಿಂತಿರುವ, ದಿನವೂ ಮೊಟ್ಟೆ ತಿನ್ನುತ್ತಿದ್ದ ಮಗುವಿಗೆ ಇದು ಬಿಡಿಸಲಾಗದ ಒಗಟು. ಇಡೀ ಕಥೆಯಲ್ಲಿ ಅಮ್ಮ ಪ್ರೀತಿಯ ವಿಷಯವಾಗಿ ಆಡಿದ ಅತ್ಯಂತ ನೇರವಾದ ಮಾತು ಅದೊಂದೇ ಎಂದು ನಾನು ನಂಬುತ್ತೇನೆ. ಅದನ್ನು ಅವಳು ಆಡಿದ್ದು ಮೊಟ್ಟೆ ಮಾರುವವಳ ಬಳಿ.

ಅರಿಯದ ಹುಡುಗನ, ಅರಿಯದ ಮಗುವಿನ ಬಾಯಲ್ಲಿ ಕಥೆ ಹೇಳಿಸುವುದರಿಂದ ಆಗುವ ಲಾಭವನ್ನು ಈಗ ಊಹಿಸಬಹುದು. ಎಲ್ಲ ಬಲ್ಲ ಕಥೆಗಾರ ‘ಅವಳಿಗೆ ಅವನ ಮೇಲೆ ಪ್ರೀತಿಯಾಗಿತ್ತು’ ಎಂದು ಬರೆದುಬಿಟ್ಟರೆ ಓದುಗನಿಗೆ ಸುದ್ದಿ ಸಿಗುತ್ತದೆ, ಅಷ್ಟೇ. ಕಥೆ ಹೇಳುವವರಿಗೇ ಗೊತ್ತಿಲ್ಲದಾಗ, ಕೆಂಪಾದ ಮುಖ, ಮೊಟ್ಟೆಗಳ ಲೆಕ್ಕ, ಬೀಗದ ಸದ್ದು ಇವನ್ನೆಲ್ಲ ಕೂಡಿಸುವ ಕೆಲಸ ಓದುಗನದಾಗುತ್ತದೆ. ಅಂದರೆ ಕೊರಿಯನ್ ಕಥೆಗಾರ ನುಂಚಿಯನ್ನು ಪಾತ್ರಗಳಿಗೆ ಕೊಡದೆ ಓದುಗನ ಕೈಯಲ್ಲಿಡುತ್ತಾನೆ. ನಮ್ಮ ಕಾವ್ಯಮೀಮಾಂಸೆ ಧ್ವನಿ ಎಂದದ್ದು ಇದಕ್ಕೆ ದೂರವಲ್ಲ. ಆದರೆ ಧ್ವನಿಯಲ್ಲಿ ಸಹೃದಯನಿಗೆ ರಸ ದೊರೆಯುತ್ತದೆ. ಇಲ್ಲಿ ಅದರ ಜೊತೆಗೆ ಒಂದು ಹೊಣೆಯೂ ದೊರೆಯುತ್ತದೆ, ಏಕೆಂದರೆ ಆ ಅಮ್ಮನ ನೋವಿಗೆ ಕಥೆಯೊಳಗೆ ಬೇರೆ ಸಾಕ್ಷಿಯೇ ಇಲ್ಲ.

ಈಚಿನ ಕೃತಿಗಳಲ್ಲಿ ಈ ಪರಂಪರೆ ಮುಂದುವರಿದಿದೆ. ಪಾರ್ಕ್ ಚಾನ್-ವೂಕ್‌ಗೆ 2022ರ ಕಾನ್ ಉತ್ಸವದಲ್ಲಿ ಉತ್ತಮ ನಿರ್ದೇಶಕ ಪ್ರಶಸ್ತಿ ತಂದ ‘ಡಿಸಿಷನ್ ಟು ಲೀವ್’ ಚಿತ್ರವನ್ನು ನೀವು ನೋಡಿರಬಹುದು. ಅದರ ನಾಯಕಿ ಚೀನಾದಿಂದ ಬಂದವಳು, ಕೊರಿಯನ್ ಅವಳಿಗೆ ಕಲಿತ ಭಾಷೆ. ಕೊಲೆಯ ತನಿಖೆ ಮಾಡುವ ಪೊಲೀಸ್ ಅಧಿಕಾರಿ ಅವಳ ವಿರುದ್ಧ ಸಿಕ್ಕ ಸಾಕ್ಷ್ಯದ ಫೋನನ್ನು ಸಮುದ್ರಕ್ಕೆ ಎಸೆ, ಯಾರಿಗೂ ಸಿಗದಷ್ಟು ಆಳಕ್ಕೆ ಎಸೆ ಎನ್ನುತ್ತಾನೆ; ತಾನು ಸಂಪೂರ್ಣ ಕುಸಿದುಹೋದೆ ಎನ್ನುತ್ತಾನೆ. ಅವಳು ಆ ‘ಕುಸಿತ’ ಎಂಬ ಪದವನ್ನು ನಿಘಂಟಿನಲ್ಲಿ ಹುಡುಕುತ್ತಾಳೆ. ಎಷ್ಟೋ ಕಾಲದ ಮೇಲೆ, ನನ್ನನ್ನು ಪ್ರೀತಿಸುತ್ತೇನೆ ಎಂದೆಯಲ್ಲ ಎಂದು ಅವಳು ನೆನಪಿಸಿದರೆ, ನಾನು ಯಾವಾಗ ಹಾಗೆಂದೆ ಎಂದು ಅವನು ಬೆರಗಾಗುತ್ತಾನೆ. ಭಾಷೆ ಪೂರ್ತಿ ಬಾರದವಳು ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡಿದ್ದಾಳೆ. ತಾಯ್ನುಡಿಯವನಿಗೆ ತನ್ನ ಮಾತೇ ಕೇಳಿಸಿಲ್ಲ. ಹೊರಗಿನವರಿಗೆ ಇದು ಸಾಧ್ಯವೇ ಎಂದು ಕೇಳಿದಿರಲ್ಲ, ಈ ಚಿತ್ರದ ಉತ್ತರ ನನ್ನ ಉತ್ತರಕ್ಕಿಂತ ಚೆನ್ನಾಗಿದೆ.

ಪರೋಕ್ಷದ ಮಾತುಗಳು ಬಳಸಿ ಬಳಸಿ ಸವೆಯುವುದೂ ಉಂಟು. 2001ರ ‘ಒನ್ ಫೈನ್ ಸ್ಪ್ರಿಂಗ್ ಡೇ’ ಚಿತ್ರದಲ್ಲಿ ನಾಯಕಿ ತನ್ನನ್ನು ಮನೆಗೆ ಬಿಡಲು ಬಂದವನಿಗೆ "ರಾಮ್ಯೊನ್ ತಿಂತೀರಾ?" ಎಂದದ್ದು ಮುಂದೆ ‘ರಾಮ್ಯೊನ್ ತಿಂದು ಹೋಗ್ತೀಯಾ’ ಎಂದಾಗಿ ಇಡೀ ದೇಶದ ನುಡಿಗಟ್ಟಾಯಿತು. ರಾಮ್ಯೊನ್ ಎಂದರೆ ದಿಢೀರ್ ನೂಡಲ್ಸ್; ಮಾತಿನ ಇಂಗಿತ ಮಾತ್ರ ರಾತ್ರಿ ಇಲ್ಲೇ ಉಳಿಯುತ್ತೀಯಾ ಎಂಬುದು. ಇಂದು ಅದನ್ನು ಕೇಳಿ ನೂಡಲ್ಸ್ ಎಂದಷ್ಟೇ ತಿಳಿಯುವ ಕೊರಿಯನ್ ತರುಣ ಸಿಗಲಾರ.

ಇದೆಲ್ಲದರ ಕತ್ತಲ ಮಗ್ಗುಲನ್ನು ಹೇಳದೆ ಬಿಟ್ಟರೆ ನಿಮಗೆ ಅ‍ರ್ಧ ಉತ್ತರ ಕೊಟ್ಟಂತಾಗುತ್ತದೆ. ಇಂಗಿತ ಅರಿಯುವ ಹೊಣೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಅದು ಯಾವಾಗಲೂ ಕೆಳಗಿದ್ದವರ ಹೆಗಲಿಗೆ ಹೆಚ್ಚು. ಸೊಸೆ ಅತ್ತೆಯ ಮುಖ ಓದಬೇಕು, ಗುಮಾಸ್ತ ಅಧಿಕಾರಿಯ ಮುಖ ಓದಬೇಕು. ಕೆಲಸ ಮುಗಿದಿದ್ದರೂ ಮೇಲಿನವರು ಏಳುವವರೆಗೆ ಕಚೇರಿಯಲ್ಲಿ ಕುಳಿತಿರುವುದಕ್ಕೆ ನುಂಚಿ ನೋಡುವುದು ಎಂದೇ ಹೆಸರು. ಪರರ ಮನೆಯಲ್ಲಿ ಅವರ ಮುಖ ನೋಡಿಕೊಂಡು ತಿನ್ನುವ ಅನ್ನಕ್ಕೆ ‘ನುಂಚಿಬಾಪ್’ ಎನ್ನುತ್ತಾರೆ, ನಮ್ಮ ಹಂಗಿನ ಕೂಳು. ನುಂಗಿದ ಸಿಟ್ಟು ಎದೆಯಲ್ಲಿ ಉರಿಯಾಗಿ, ಉಸಿರು ಕಟ್ಟಿದಂತಾಗುವ ಕಾಯಿಲೆಗೆ ‘ಹ್ವಾಬ್ಯೊಂಗ್’, ಬೆಂಕಿಯ ಬೇನೆ, ಎಂದು ಹೆಸರು. ಅಮೆರಿಕದ ಮನೋವೈದ್ಯರ ಸಂಘ 1994ರ ತನ್ನ ಕೈಪಿಡಿಯಲ್ಲಿ ಅದನ್ನು ಆ ಸಂಸ್ಕೃತಿಗೆ ಸೇರಿದ ಬೇನೆಯೆಂದು ದಾಖಲಿಸಿತು. ಬಹುಕಾಲ ಅದು ನಡುವಯಸ್ಸಿನ ಗೃಹಿಣಿಯರ ಬೇನೆ ಎನಿಸಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಹದಿನಾರು ಕಂತಿನ ಎಳೆತದಿಂದ ನಿಮಗಾಗುವ ಬೇಸರವೂ ಕೊರಿಯನ್ನರಿಗೆ ಹೊಸದಲ್ಲ. ಪಾತ್ರಗಳು ಆಡಬೇಕಾದ ಮಾತು ಆಡದೆ ಒದ್ದಾಡುವ ದೃಶ್ಯಗಳನ್ನು ಅಲ್ಲಿನ ವೀಕ್ಷಕರು ‘ಗೊಗುಮಾ’, ಸಿಹಿಗೆಣಸು, ಎನ್ನುತ್ತಾರೆ. ಒಣ ಗೆಣಸು ಗಂಟಲಲ್ಲಿ ಸಿಕ್ಕಿಕೊಂಡಂತೆ ಎಂದು. ಯಾರಾದರೂ ಕೊನೆಗೂ ಎದುರು ನಿಂತು ನೇರವಾಗಿ ಹೇಳಿಬಿಟ್ಟರೆ ಅದು ‘ಸಾಯಿದಾ’. ಅಲ್ಲಿ ಆ ಹೆಸರಿನಲ್ಲಿ ಮಾರುವ ನಿಂಬೆರುಚಿಯ ಸೋಡಾ ಕುಡಿದಂತೆ. ಬರೀ ಗೆಣಸು ಬಡಿಸುವ ಧಾರಾವಾಹಿಗಳೂ ಇವೆ, ಅವು ಕೆಟ್ಟ ಬರವಣಿಗೆಯೇ. ಒಳ್ಳೆಯದನ್ನು ಕೆಟ್ಟದ್ದರಿಂದ ಬೇರೆ ಮಾಡಲು ನಾನು ಬಳಸುವ ಅಳತೆ ಒಂದಿದೆ: ಆಡಿದರೆ ಆ ಪಾತ್ರ ನಿಜವಾಗಿ ಏನನ್ನಾದರೂ ಕಳೆದುಕೊಳ್ಳುತ್ತದೆಯೇ? ಓಕ್-ಹಿಯ ಅಮ್ಮ ಕಳೆದುಕೊಳ್ಳುತ್ತಿದ್ದಳು, ಗೇಣಿದಾರನ ಮಗ ಕಳೆದುಕೊಳ್ಳುತ್ತಿದ್ದ. ಫೋನ್ ಕರೆ ತಪ್ಪಿಹೋದದ್ದರಿಂದ ಆರು ಕಂತು ಮುನಿಸಿಕೊಂಡಿರುವ ಜೋಡಿಗೆ ಕಳೆದುಕೊಳ್ಳಲು ಏನೂ ಇಲ್ಲ.

ಓದಲು ಕಲಿಯುವ ಬಗ್ಗೆ ಹೇಳುವುದಾದರೆ, ಮುಖಭಾವಕ್ಕಿಂತ ಮೊದಲು ಕಿವಿಯನ್ನು ನಂಬಿ. ಇಂಗ್ಲಿಷ್ ಅಡಿಬರಹದಲ್ಲಿ ಎಲ್ಲರೂ ‘ಯೂ’ ಆಗಿಬಿಡುವುದರಿಂದ ಕಥೆಯ ಅರ್ಧದಷ್ಟು ಸಂಗತಿ ಅಲ್ಲೇ ಸೋರಿಹೋಗುತ್ತದೆ. ಕೊರಿಯನ್ನಿನಲ್ಲಿ ಗೌರವದ ಮಾತು ‘ಜೊಂದೆನ್ಮಾಲ್’, ಸಲಿಗೆಯ ಮಾತು ‘ಬಾನ್ಮಾಲ್’. ದಿನಬಳಕೆಯಲ್ಲಿ ವಾಕ್ಯದ ಕೊನೆಯ ‘ಯೊ’ ಗೌರವದ ಗುರುತು. ನೀವು ಎನ್ನುತ್ತಿದ್ದವರು ನೀನು ಎಂದಾಗ, ಇಲ್ಲವೇ ನೀನು ಎನ್ನುತ್ತಿದ್ದವಳು ಜಗಳದ ನಡುವೆ ತಟ್ಟನೆ ನೀವು ಎಂದಾಗ ನಮ್ಮ ಮನೆಗಳಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ಮುಂದಿನ ಕಂತು ನೋಡುವಾಗ ಅಡಿಬರಹವನ್ನು ಐದು ನಿಮಿಷ ಮುಚ್ಚಿಟ್ಟು, ಆ ಇಬ್ಬರ ಮಾತಿನ ಕೊನೆಯಲ್ಲಿ ಬರುವ ‘ಯೊ’ವನ್ನು ಮಾತ್ರ ಕೇಳುತ್ತ ಹೋಗಿ. ಅದು ಯಾವ ವಾಕ್ಯದಲ್ಲಿ ಮೊದಲ ಸಲ ಬಿಟ್ಟುಹೋಗುತ್ತದೋ ಅಲ್ಲಿಗೆ ಹಿಂದಿರುಗಿ, ಆ ದೃಶ್ಯವನ್ನು ಇನ್ನೊಮ್ಮೆ ನೋಡಿ.